ಕೊಂಬು ಕಳೆದುಕೊಂಡ ಕುರಿಮರಿ

ನನ್ನ ಮುದ್ದು ಪ್ರಶ್ನೆಚಿಹ್ನೆಗೆ, ದೊಡ್ಡಮ್ಮನಿಂದ ಒಂದು ಹಿಡಿ ಪ್ರೀತಿ, ಒಂದು ಚಿಟಿಕೆ ಬೈಗುಳ.

ನಿನ್ನ ಲಕೋಟೆ ಸೋಮವಾರ ಬಂತು. ಒಳಗೆ ಎರಡು ಕಾಗದ. ಒಂದು ನನಗೆ. ಇನ್ನೊಂದು ಚರ್ಚಿನ ಸಭಾಪಾಲಕರಿಗೆ ನೀನು ಬರೆದ ರಾಜೀನಾಮೆ: ಹತ್ತು ವರ್ಷದಿಂದ ನಡೆಸುತ್ತಿರುವ ಸಂಡೇ ಸ್ಕೂಲನ್ನು ಬರುವ ಭಾನುವಾರದಿಂದ ಬಿಡುತ್ತೇನೆ ಅಂತ. ಅಂಚಿನಲ್ಲಿ ಪೆನ್ಸಿಲ್ಲಿನಲ್ಲಿ, "ದೊಡ್ಡಮ್ಮ, ಕೊಡೋ ಮುಂಚೆ ಒಂದ್ಸಲ ತಪ್ಪು ತಿದ್ದಿಕೊಡು" ಅಂತ ಬೇರೆ. ಕೋಪ ಮಾಡಿಕೊಂಡು ಹೊರಟವರು ಕಾಗುಣಿತ ಸರಿ ಮಾಡಿಸಿಕೊಂಡು ಹೊರಡುವುದನ್ನು ನಾನು ಈ ಎಪ್ಪತ್ತಾರು ವರ್ಷದಲ್ಲಿ ಕಂಡಿರಲಿಲ್ಲ. ಓದುತ್ತಾ ಒಬ್ಬಳೇ ನಕ್ಕೆ. ಆಮೇಲೆ ಎರಡನೇ ಸಲ ಓದಿದೆ, ಆಗ ನಗು ಬರಲಿಲ್ಲ.

ತಿದ್ದಿದ್ದೇನೆ, ಇದರ ಜೊತೆಗೇ ಇಟ್ಟಿದ್ದೇನೆ. ಕೊಡುವುದು ಬಿಡುವುದು ನಿನ್ನ ಕೈಯಲ್ಲಿದೆ. ಕಾಗುಣಿತದ ತಪ್ಪು ಮೂರೇ. ಆದರೆ ನಡುವೆ ಒಂದು ವಾಕ್ಯ ಬರೆದಿದ್ದೀಯಲ್ಲ: "ಜೀವಿಗಳೆಲ್ಲ ಒಂದೇ ಮೂಲದಿಂದ ವಿಕಾಸವಾಗಿ ಬಂದವೆಂದು ನಾನು ಒಪ್ಪುತ್ತೇನೆ, ಆದ್ದರಿಂದ ಸತ್ಯವೇದ ಕಲಿಸುವ ಅರ್ಹತೆ ನನಗಿಲ್ಲ." ಅಲ್ಲಿ "ಆದ್ದರಿಂದ" ಅನ್ನುವ ಪದಕ್ಕೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿದ್ದೇನೆ. ನಾನು ಕೆಲಸ ಮಾಡುತ್ತಿದ್ದ ಪ್ರೆಸ್ಸಿನಲ್ಲಿ ಕರಡು ತಿದ್ದುವಾಗ ಹಾಗೆ ಸುತ್ತು ಹಾಕಿದರೆ "ಇದು ಸರಿಯೋ ತಪ್ಪೋ ನಮಗೆ ತಿಳಿಯದು, ಬರೆದವರನ್ನೇ ಕೇಳಿ" ಅಂತ ಅರ್ಥ. ಕೇಳುವುದಕ್ಕೇ ಈ ಕಾಗದ.

ಅಷ್ಟಕ್ಕೂ ಆದದ್ದೇನು? ತರಗತಿಯಲ್ಲಿ ಒಂದು ಪುಟಾಣಿ ಎದ್ದು ನಿಂತು, "ಮಿಸ್, ಡೈನೋಸಾರ್‌ನ ದೇವರು ಮಾಡಿದ್ದು ಯಾವತ್ತು, ಮಂಗಳವಾರನಾ?" ಅಂತ ಕೇಳಿತು. ವಾರದ ಐದು ದಿನ ಶಾಲೆಯಲ್ಲಿ ಜೀವಶಾಸ್ತ್ರ ಕಲಿಸುವವಳು ನೀನು, ಭಾನುವಾರ ಮಾತ್ರ ಬಾಯಿಗೆ ಬೀಗ ಹಾಕಿಕೊಂಡು ಬರುವುದಕ್ಕಾಗುತ್ತದೆಯೇ? ಬಹಳ ಬಹಳ ಹಿಂದೆ, ತುಂಬಾ ನಿಧಾನವಾಗಿ, ಒಂದರಿಂದ ಒಂದು ಅಂತ ಹೇಳಿದೆ. ಮಗು ಮನೆಗೆ ಹೋಗಿ, "ತಾತ, ಮೀನು ನಮಗೆ ನೆಂಟರಂತೆ" ಅಂತ ವರದಿ ಒಪ್ಪಿಸಿತು. ತಾತ ಯಾರು? ಸಭೆಯ ಹಿರಿಯ, ನಮ್ಮ ದರ್ಜಿ. ಮುಂದಿನ ಕೂಟದಲ್ಲಿ ಅವನು ಎಲ್ಲರೆದುರು ಎದ್ದು, "ನಮ್ಮ ಮಕ್ಕಳಿಗೆ ಕೋತಿಯ ವಂಶಾವಳಿ ಓದಿಸೋಕಾ ಇವಳನ್ನ ಇಟ್ಕೊಂಡಿರೋದು?" ಅಂದ. ನೀನು ನೇರ ಮನೆಗೆ ಬಂದು ರಾಜೀನಾಮೆ ಬರೆದೆ. "ಎರಡು ನಾಲಿಗೆಯವಳಾಗಿ ಬದುಕಲಾರೆ" ಅಂತ ನನಗೆ ಬರೆದೆ. ಆ ಮಾತು ನನ್ನನ್ನು ಎರಡು ದಿನ ಕಾಡಿತು.

ನಾನು ನಿನ್ನಷ್ಟು ಓದಿದವಳಲ್ಲ. ಏಳನೇ ತರಗತಿಗೇ ಶಾಲೆ ಮುಗಿಯಿತು. ಆಮೇಲೆ ಓದಿದ್ದೆಲ್ಲ ಪ್ರೆಸ್ಸಿನ ಸೀಸದ ಅಚ್ಚುಮೊಳೆಗಳಲ್ಲಿ, ಅದೂ ಕನ್ನಡಿಯಲ್ಲಿ ನೋಡಿದ ಹಾಗೆ ಹಿಂದುಮುಂದಾಗಿ. ನಲವತ್ತೊಂದು ವರ್ಷ ಒಂದೊಂದೇ ಅಕ್ಷರ ಹೆಕ್ಕಿ ಜೋಡಿಸಿದೆ. ಹಾಗಾಗಿ ನನಗೆ ಗೊತ್ತಿರುವುದು ಅಕ್ಷರ, ಅದಕ್ಕಿಂತ ಚೆನ್ನಾಗಿ ಗೊತ್ತಿರುವುದು ಅಕ್ಷರದ ತಪ್ಪು. ಅದರಲ್ಲೂ ಒಂದು ತಪ್ಪನ್ನು ನಿನಗೆ ಇವತ್ತಿನವರೆಗೆ ಹೇಳಿಲ್ಲ, ಯಾಕೆಂದರೆ ಅದು ನನ್ನದೇ.

ನನಗೆ ಆಗ ಹತ್ತೊಂಬತ್ತು. ಸಭೆಯ ಹಾಡಿನ ಪುಸ್ತಕದ ಕೆಲಸ ನಮ್ಮ ಪ್ರೆಸ್ಸಿಗೆ ಬಂದಿತ್ತು. ಐವತ್ತೇಳನೇ ಹಾಡು ಹೀಗೆ ಶುರುವಾಗಬೇಕಿತ್ತು: "ಕಳೆದ ಕುರಿಮರಿ ನಾನು, ಹೆಗಲಲಿ ಹೊತ್ತು ತಂದೆ ನೀನು." ಮೊಳೆಯ ಪೆಟ್ಟಿಗೆಯಲ್ಲಿ "ಕ"ದ ಮನೆ, "ಕು"ವಿನ ಮನೆ ಅಕ್ಕಪಕ್ಕ. ಕಣ್ಣು ಹಸ್ತಪ್ರತಿಯ ಮೇಲೆ, ಕೈ ಪೆಟ್ಟಿಗೆಯ ಮೇಲೆ. ಕೈ ಒಂದು ಮನೆ ಆಚೆ ಹೋಯಿತು. "ಕು"ವಿನ ಕೊಂಬು ಬಿದ್ದುಹೋಯಿತು. ಕರಡು ನೋಡಬೇಕಾದವರಿಗೆ ಆವತ್ತು ನೆಗಡಿ, ಕಣ್ಣೆಲ್ಲ ನೀರು. ಎಂಟುನೂರು ಪ್ರತಿಗಳಲ್ಲಿ ಕುರಿಮರಿ ಕರಿಮರಿಯಾಗಿ ಹೊರಬಂತು. ಕೊಂಬು ಹೋದದ್ದೇ ತಡ, ಕುರಿಗೆ ಸೊಂಡಿಲು ಬಂದು ಆನೆಯಾಯಿತು. ಪಾಪ, ಒಳ್ಳೆಯ ಕುರುಬ ಕಳೆದುಹೋದ ಆನೆಮರಿಯನ್ನು ಹೆಗಲ ಮೇಲೆ ಹೊತ್ತುಕೊಂಡು ಬೆಟ್ಟ ಇಳಿಯುತ್ತಿದ್ದಾನೆ. ಇದು ಸಾಲದು ಅಂತ ಅದರ ಮುಂದಿನ ಹಾಡಿಗೂ ಐವತ್ತೇಳು ಅಂತಲೇ ಅಂಕಿ ಹಾಕಿದ್ದೆ. ಸಭೆಯಲ್ಲಿ "ಐವತ್ತೇಳು" ಅಂದರೆ ಅರ್ಧ ಜನ ಒಂದು ಹಾಡು, ಇನ್ನರ್ಧ ಜನ ಇನ್ನೊಂದು.

ಈಗ ಸ್ವಾರಸ್ಯ ಕೇಳು. ಆ ಪುಸ್ತಕ ನೋಡಿಕೊಂಡು ಬೇರೆ ಊರಿನ ಪ್ರೆಸ್ಸಿನವರು ತಮ್ಮ ಪುಸ್ತಕ ಜೋಡಿಸಿದರು. ಅದರಲ್ಲೂ ಆನೆಮರಿ, ಅದರಲ್ಲೂ ಎರಡು ಐವತ್ತೇಳು. ಅದನ್ನು ನೋಡಿ ಮೂರನೆಯವರು ಜೋಡಿಸುವಾಗ ಒಬ್ಬ ಬುದ್ಧಿವಂತನಿಗೆ ಆನೆ ಸರಿಕಾಣಲಿಲ್ಲ. "ಕರಿಯ ಮರಿ" ಅಂತ ತಿದ್ದಿದ. ಅರ್ಥ ಕೂಡಿತು, ಹಾಗಾಗಿ ಅದೇ ಉಳಿಯಿತು. ಅಲ್ಲಿನ ಸಭಾಪಾಲಕ ಅಯ್ಯನವರು ಕರಿ ಬಣ್ಣವೇ ಪಾಪ ಅಂತ ಸಭೆಯೆದುರು ನಿಂತು ಮುಕ್ಕಾಲು ಗಂಟೆ ಪ್ರಸಂಗ ಮಾಡಿದರಂತೆ. ಅವರ ಪ್ರಸಂಗಕ್ಕೆಲ್ಲ ಮೂಲ ನನ್ನ ಎಡವಟ್ಟು ಬೆರಳು. ವರ್ಷಗಳಾದ ಮೇಲೆ ಯಾರಾದರೂ ಹಳೇ ಹಾಡಿನ ಪುಸ್ತಕ ತಂದುಕೊಟ್ಟರೆ, ಮೊದಲ ಪುಟ ಹರಿದಿದ್ದರೂ ಐವತ್ತೇಳನ್ನು ತೆರೆದು ನೋಡಿ, ಇದರ ಅಪ್ಪ ಯಾರು ಅಜ್ಜ ಯಾರು ಅಂತ ಹೇಳಿಬಿಡುತ್ತಿದ್ದೆ. ಸರಿಯಾಗಿರುವ ಅಕ್ಷರ ನೋಡಿದರೆ ಸಂಬಂಧ ತಿಳಿಯುವುದಿಲ್ಲ ಕಣೇ, ಅದು ಎಲ್ಲರಲ್ಲೂ ಒಂದೇ. ಒಂದೇ ಜಾಗದಲ್ಲಿ ಒಂದೇ ತಪ್ಪು ಇದ್ದರೆ ಅವು ಒಂದೇ ಬಳಗ.

ಹೋದ ವರ್ಷ ನೀನು ಬಂದಿದ್ದಾಗ ಕಿತ್ತಳೆ ಸುಲಿಯುತ್ತಾ ಹೇಳಿದೆಯಲ್ಲ: ಈ ಹಣ್ಣಿನ ಸತ್ವವನ್ನು ಬಹಳಷ್ಟು ಪ್ರಾಣಿಗಳು ತಮ್ಮ ಮೈಯಲ್ಲೇ ತಯಾರಿಸಿಕೊಳ್ಳುತ್ತವೆ, ನಮಗೆ ಆಗುವುದಿಲ್ಲ, ಯಾಕೆಂದರೆ ಅದನ್ನು ಮಾಡುವ ಬರಹ ನಮ್ಮೊಳಗೆ ಮುರಿದುಹೋಗಿದೆ, ಕೋತಿಗಳ ಒಳಗೂ ಅದೇ ಬರಹ ಅದೇ ಥರ ಮುರಿದು ಬಿದ್ದಿದೆ ಅಂತ. ನಾನು ಬಾಯಿಗಿಡಲು ಹೋದ ತೊಳೆಯನ್ನು ತಟ್ಟೆಗೆ ವಾಪಸ್ಸಿಟ್ಟೆ. "ಬೇಜಾರಾಯ್ತಾ ದೊಡ್ಡಮ್ಮ?" ಅಂತ ಕೇಳಿದೆ. ಬೇಜಾರಲ್ಲ ಮಾರಾಯ್ತಿ. ನನ್ನ ಆನೆಮರಿ ನೆನಪಾಗಿತ್ತು. ವಿಕಾಸ ಅಂದರೇನು ಅಂತ ಪುಸ್ತಕಗಳಲ್ಲಿ ಓದಿದ್ದೆ, ಒಪ್ಪಲೂ ಇಲ್ಲ ಬಿಡಲೂ ಇಲ್ಲ. ಆವತ್ತು ಒಪ್ಪಿದೆ. ಆವತ್ತು ಮಲಗುವ ಮುಂಚೆ ಪ್ರಾರ್ಥನೆಯನ್ನೂ ಮಾಡಿದೆ, ದಿನಾ ಮಾಡುವ ಹಾಗೆಯೇ. ನಡುವೆ ಯಾವ "ಆದ್ದರಿಂದ"ವೂ ಅಡ್ಡ ಬರಲಿಲ್ಲ.

"ಹಾಗಾದರೆ ಸತ್ಯವೇದದ ಮೊದಲ ಪುಟ?" ಅಂತ ಕೇಳುತ್ತೀಯ, ಗೊತ್ತು. ಅದೇ ಪ್ರಶ್ನೆ ಹೊತ್ತು ಇಪ್ಪತ್ತೆರಡನೇ ವಯಸ್ಸಿನಲ್ಲಿ ನಾನು ಹಳೇ ಅಯ್ಯನವರ ಹತ್ತಿರ ಹೋಗಿದ್ದೆ. ತಪ್ಪು ಹುಡುಕುವ ಚಟ ನೋಡು, ಸತ್ಯವೇದದಲ್ಲೂ ಹುಡುಕಿದ್ದೆ. "ಅಯ್ಯನವರೇ, ಮೊದಲ ಅಧ್ಯಾಯದಲ್ಲಿ ಗಿಡ, ಪ್ರಾಣಿ ಎಲ್ಲ ಆದಮೇಲೆ ಮನುಷ್ಯ. ಎರಡನೇದರಲ್ಲಿ ಮನುಷ್ಯ ಮೊದಲು, ತೋಟ ಆಮೇಲೆ. ಪುಟ ಹಿಂದುಮುಂದಾಗಿದೆಯಾ?" ಅಂದೆ. ಅವರು ಕನ್ನಡಕ ತೆಗೆದು ಹೊಟ್ಟೆ ಹಿಡಿದುಕೊಂಡು ನಕ್ಕರು. "ಅಲ್ಲಮ್ಮ, ಇವೆರಡನ್ನೂ ಪಕ್ಕಪಕ್ಕ ಇಟ್ಟವರಿಗೆ ಕಣ್ಣಿರಲಿಲ್ವಾ? ನೀನೊಬ್ಬಳೇನಾ ಕಂಡುಹಿಡಿದಿದ್ದು? ಬೇಕೂಂತಲೇ ಎರಡನ್ನೂ ಬಿಟ್ಟಿದ್ದಾರೆ. ನಿಮ್ಮ ಪ್ರೆಸ್ಸಿಗೆ ಮದುವೆ ಕರೆಯೋಲೆನೂ ಬರುತ್ತೆ, ಬಸ್ಸಿನ ವೇಳಾಪಟ್ಟಿನೂ ಬರುತ್ತೆ. ಎರಡನ್ನೂ ಒಂದೇ ಥರ ಓದ್ತೀಯಾ?" ಅಂದರು.

ಮನೆಗೆ ಬಂದು ಆ ಮೊದಲ ಅಧ್ಯಾಯವನ್ನು ಮತ್ತೆ ಓದಿದೆ, ಈ ಸಲ ಮೊಳೆ ಜೋಡಿಸುವವಳಾಗಿ. ಪ್ರತಿ ದಿನದ ಕೊನೆಗೂ ಸಂಜೆ ಬೆಳಗುಗಳ ಅದೇ ಮಾತು ಮರಳಿ ಬರುತ್ತದೆ. ನಾನು ಜೋಡಿಸಿದ್ದರೆ ಅದನ್ನು ಹಾಡಿನ ಪಲ್ಲವಿಯ ಹಾಗೆ ಒಳಕ್ಕೆ ಸರಿಸಿ ಇಡುತ್ತಿದ್ದೆ. ಸೂರ್ಯ ಹುಟ್ಟುವುದು ನಾಲ್ಕನೇ ದಿನ, ಅದಕ್ಕೂ ಮುಂಚೆ ಮೂರು ಸಂಜೆ ಕಳೆದಿರುತ್ತವೆ. ವೇಳಾಪಟ್ಟಿ ಬರೆಯುವವರು ಹಾಗೆ ಬರೆಯುವುದಿಲ್ಲ. ಹೊಗಳಿ ಹಾಡುವವರು ಬರೆಯುತ್ತಾರೆ. ಇನ್ನೊಂದು ಕಂಡಿತು: ದೇವರು ಒಂದೊಂದು ಪ್ರಾಣಿಯನ್ನೂ ಹಿಡಿದು ತಂದು ನಿಲ್ಲಿಸುವುದಿಲ್ಲ. ಭೂಮಿಗೆ ಹೇಳುತ್ತಾನೆ, ನೀರಿಗೆ ಹೇಳುತ್ತಾನೆ, ನೀವು ಹುಟ್ಟಿಸಿ ಅಂತ. ಅಪ್ಪಣೆಯ ಪದ ನಮ್ಮ ಭಾಷೆಯಲ್ಲಿ "ಆಗಲಿ". ನಾವು ಮನೆಯಲ್ಲಿ ಯಾವಾಗ "ಆಗಲಿ" ಅನ್ನುತ್ತೇವೆ ಯೋಚಿಸು. ನೀನು ಓದುವುದಕ್ಕೆ ದೂರ ಹೋಗುತ್ತೇನೆ ಅಂದಾಗ ನಿನ್ನಮ್ಮ "ಆಗಲಿ" ಅಂದಳು. ಅಂದ ತಕ್ಷಣ ನೀನು ಟೀಚರಾಗಲಿಲ್ಲ. ಆರು ವರ್ಷ ಹಿಡಿಯಿತು. ಆ ಆರು ವರ್ಷವೂ ಅವಳ "ಆಗಲಿ"ಯೇ ನಿನ್ನನ್ನು ಹೊತ್ತಿತ್ತು.

ಎಲ್ಲ ನನಗೆ ಬಗೆಹರಿದಿದೆ ಅಂತ ತಿಳಿಯಬೇಡ. ಆದಾಮನ ವಿಷಯ ಬಗೆಹರಿದಿಲ್ಲ. ಅವನು ಒಬ್ಬನೋ, ನಮ್ಮೆಲ್ಲರ ಹೆಸರೋ? ಒಂದು ಜೀವ ಇನ್ನೊಂದನ್ನು ತಿಂದೇ ಬೆಳೆಯಬೇಕಾಗಿತ್ತೇ? ಇದನ್ನು ದೇವರನ್ನೇ ನೇರವಾಗಿ ಕೇಳೋಣ ಅಂತ ಇಟ್ಟುಕೊಂಡಿದ್ದೇನೆ, ಕೇಳುವ ದಿನವೂ ತೀರಾ ದೂರವಿಲ್ಲ. ಉತ್ತರ ಇಲ್ಲದ ಪ್ರಶ್ನೆ ಜೊತೆಗಿದ್ದರೂ ನಂಬಿಕೆ ಇರಬಲ್ಲದು. ಉತ್ತರ ಇದೆ ಅಂತ ನಟಿಸುವುದು ಬೇಡ ಅಷ್ಟೆ.

ಇನ್ನೊಂದು ಮಾತು, ನಿನ್ನಜ್ಜಿಯದು. ಕೊನೆಯ ಕಾಯಿಲೆಯಲ್ಲಿ ಅವಳಿಗೆ ನನ್ನ ತಪ್ಪನ್ನು ಒಪ್ಪಿಕೊಂಡೆ: ಅಮ್ಮಾ, ಐವತ್ತೇಳರಲ್ಲಿ ಅದು ಕುರಿಮರಿ, ನಾನು ಹಾಳು ಮಾಡಿದ್ದು ಅಂತ. ಅವಳು, "ನೀನಾ ಮಾಡಿದ್ದು? ಒಳ್ಳೇದೇ ಆಯ್ತು ಬಿಡು. ನಾನು ಇಷ್ಟು ವರ್ಷ ಆನೆ ಅಂತಲೇ ಹಾಡಿದೀನಿ. ಆನೆಮರಿನ ಹೊರೋನಿಗೆ ನಾನೇನು ಭಾರ" ಅಂದಳು. ಅವಳಾಗ ಕೈಗೆತ್ತಿಕೊಳ್ಳುವಷ್ಟು ಹಗುರಾಗಿದ್ದಳು. ತಪ್ಪುಗಳನ್ನೂ ಹೀಗೆ ಕೆಲಸಕ್ಕೆ ಹಚ್ಚಿಕೊಳ್ಳುವ ದೇವರು ಕೋಟಿಗಟ್ಟಲೆ ವರ್ಷದ ಅಕ್ಷರದೋಷಗಳಿಂದ ನಿನ್ನನ್ನೂ ನನ್ನನ್ನೂ ಮಾಡಿದ ಅಂದರೆ ನನಗೆ ಅವನು ಚಿಕ್ಕವನಾಗಿ ಕಾಣುವುದಿಲ್ಲ.

ಈಗ ಮುಖ್ಯ ವಿಷಯ. ನಿನ್ನೆ ದರ್ಜಿಗೆ ಫೋನ್ ಮಾಡಿದ್ದೆ. ಬೈದುಕೋ, ಆದರೆ ಪೂರ್ತಿ ಓದು.

"ಅಕ್ಕ, ಅವಳ ಪರ ಮಾತಾಡೋಕೆ ಫೋನ್ ಮಾಡಿದ್ದೀರಿ ಅಲ್ವಾ?" ಅಂದ. "ಮತ್ತೆ, ನಿನ್ನ ಇಂಪಾದ ಕಂಠ ಕೇಳೋಕಾ?" ಅಂದೆ. ನಗಲಿಲ್ಲ ಅವನು. "ನಾನು ದರ್ಜಿ ಅಕ್ಕ. ಒಂದು ಹೊಲಿಗೆ ಬಿಚ್ಚಿದ್ರೆ ಎಲ್ಲಿವರೆಗೂ ಹೋಗುತ್ತೆ ಅಂತ ನನಗೆ ಗೊತ್ತು. ನನ್ನ ಮಗ ಇದೇ ಹೊಲಿಗೆ ಹಿಡಿದು ಎಳೆದ. ಸೃಷ್ಟಿ ಆಗಿದ್ದು ಆರು ದಿನದಲ್ಲಿ ಅಲ್ಲ ಅಂತ ಶುರು ಮಾಡಿದ. ಈಗ ಪ್ರಾರ್ಥನೆನೂ ಇಲ್ಲ, ಸಭೆನೂ ಇಲ್ಲ. ಪ್ರತಿ ಭಾನುವಾರ ಮಗಳನ್ನ ಬಾಗಿಲಲ್ಲಿ ಇಳಿಸಿ ಗಾಡಿ ತಿರುಗಿಸ್ತಾನೆ. ಮೊಮ್ಮಗಳೂ ಹಾಗೇ ಆದ್ರೆ?"

ನನ್ನ ಬಾಯಿ ಸುಮ್ಮನಿರಬೇಕಲ್ಲ. "ಅವನು ಎಳೆದದ್ದಕ್ಕೆ ಬಿಚ್ಚಿತೋ, ನೀನು ತೀರಾ ಬಿಗಿಯಾಗಿ ಹೊಲಿದದ್ದಕ್ಕೋ?" ಅಂದುಬಿಟ್ಟೆ. ಆ ಕಡೆ ಹೊಲಿಗೆ ಯಂತ್ರದ ಸದ್ದೂ ನಿಂತುಹೋಯಿತು.

ಆಮೇಲೆ ಮೆಲ್ಲಗೆ ಹೇಳಿದ. "ಮೊನ್ನೆ ಭಾನುವಾರ ಅವನನ್ನ ಬಾಗಿಲಲ್ಲೇ ತಡೆದು ಜಗಳ ತೆಗೆದೆ ಅಕ್ಕ. ನಿನ್ನ ಮಗಳಿಗೆ ಆ ಮಿಸ್ ಏನು ಕಲಿಸಿದ್ದಾಳೆ ಕೇಳು ಅಂದೆ. ಅವನು ಗಾಡಿ ಆರಿಸಿದ. 'ಅದನ್ನ ಇಲ್ಲೇ, ಸಭೆಯೊಳಗೇ ಹೇಳಿದ್ರಾ? ಹೇಳಿಯೂ ಇಲ್ಲೇ ಇದಾರಾ?' ಅಂತ ಕೇಳಿದ. ಏಳು ವರ್ಷದಲ್ಲಿ ಸಭೆ ಬಗ್ಗೆ ಅವನು ಕೇಳಿದ ಮೊದಲನೇ ಪ್ರಶ್ನೆ. ನನಗೇನಾಯ್ತೋ, 'ಇದಾಳಲ್ಲ, ಎಲ್ಲಿಗೆ ಹೋಗ್ತಾಳೆ, ಬೇಕಾದ್ರೆ ಬಂದು ನೋಡು' ಅಂದುಬಿಟ್ಟೆ. ಬರೋ ಭಾನುವಾರ ಬರ್ತೀನಿ ಅಂದಿದ್ದಾನೆ. ತರಗತಿ ಬಾಗಿಲವರೆಗೆ ಮಾತ್ರವಂತೆ." ಕೂಡಲೇ ಗಟ್ಟಿ ದನಿಯಲ್ಲಿ, "ಹಾಗಂತ ನಾನು ಮೀನನ್ನ ನೆಂಟ ಅಂತ ಒಪ್ಪಿದೆ ಅಂದ್ಕೋಬೇಡಿ ಮತ್ತೆ" ಅಂತಲೂ ಸೇರಿಸಿದ.

ರಾಜೀನಾಮೆಯ ವಿಷಯ ಅವನಿಗೆ ಗೊತ್ತಿಲ್ಲ. ನಾನೂ ಬಾಯಿ ಬಿಡಲಿಲ್ಲ. ಪ್ರಶ್ನೆಚಿಹ್ನೆ, ನೀನು ಎದ್ದು ಹೋದರೆ ದರ್ಜಿ ಹೇಳಿದ್ದೇ ನಿಜವಾಗುತ್ತದೆ: ವಿಕಾಸ ಒಪ್ಪಿದವರು ಕೊನೆಗೆ ಸಭೆ ಬಿಡುತ್ತಾರೆ ಅಂತ. ತನ್ನ ಮಾತು ಸುಳ್ಳಾಗಲಿ ಅಂತ ಈಗ ಅವನೇ ಕಾಯುತ್ತಿದ್ದಾನೆ. ಮುಖ ಕೊಟ್ಟು ಹೇಳುವ ಧೈರ್ಯ ಅವನಿಗಿಲ್ಲ, ಅದಕ್ಕೆ ನಾನು ಬರೆಯುತ್ತಿದ್ದೇನೆ. ನಿನಗಿರುವುದು ಒಂದೇ ನಾಲಿಗೆ. ಶಾಲೆಯಲ್ಲಿ ಹೇಳಿದ್ದನ್ನೇ ಸಭೆಯಲ್ಲೂ ಹೇಳಿದೆ. ಎರಡು ನಾಲಿಗೆ ಬೇಕಾಗುವುದು ಎದ್ದು ಹೋದವರಿಗೂ ಅಲ್ಲ, ಉಳಿದು ಸತ್ಯ ಹೇಳುವವರಿಗೂ ಅಲ್ಲ, ಉಳಿದು ಬಾಯಿ ಮುಚ್ಚಿಕೊಳ್ಳುವವರಿಗೆ.

ಶನಿವಾರ ಮಧ್ಯಾಹ್ನದ ಬಸ್ಸಿಗೆ ಬರುತ್ತೇನೆ, ನಿಲ್ದಾಣಕ್ಕೆ ಬಾ. ಭಾನುವಾರ ನಿನ್ನ ತರಗತಿಯಲ್ಲಿ ಮಕ್ಕಳ ಪುಟ್ಟ ಕುರ್ಚಿಯೊಂದರಲ್ಲಿ ಕೂರುವವಳಿದ್ದೇನೆ. ಒಂದು ಸಲ ಕೂತರೆ ಏಳುವುದಕ್ಕೆ ಇಬ್ಬರು ಬೇಕು. ಬಾಗಿಲಲ್ಲಿ ನಿಂತಿರುವವನನ್ನು ನೀನೇ ಒಳಗೆ ಕರಿ, ದೊಡ್ಡಮ್ಮನನ್ನು ಎಬ್ಬಿಸೋಕೆ ಒಂದು ಕೈ ಕೊಡಿ ಅಂತ.

ಎಲ್ಲವನ್ನೂ ನಿಧಾನವಾಗಿ ಬೆಳೆಸುವವನು ನಿನ್ನ ಧೈರ್ಯವನ್ನು ಮಾತ್ರ ಭಾನುವಾರದೊಳಗೆ ಬೆಳೆಸಲಿ.

ಹಾಗೇ ಆಗಲಿ,
ನಿನ್ನ ದೊಡ್ಡಮ್ಮ