ಸೀಟ್ ಕವರಿನ ಹೊರಗೆ

...ಅಭ್ಯಾಸ ಆಗೋವರೆಗೆ ಮಾತ್ರ ನಾಚಿಕೆ ಅಂತಲೋ ಏನೋ ಹೇಳಿದ್ದೆ ನೀನು, ಬದರಿ. ಎಂಬತ್ತೈದರಲ್ಲಿ ನಿನ್ನ ಹೊಸ ಮಾರುತಿಯಲ್ಲಿ ಮೊದಲ ಸಲ ನನ್ನನ್ನು ಕೂರಿಸಿಕೊಂಡು ಯಲಹಂಕದಿಂದ ಹೊರಟಾಗ ನೀನು ಸೀಟ್ ಬೆಲ್ಟ್ ಕಟ್ಟಿಕೊಂಡಿದ್ದೆ. "ಹೆಬ್ಬಾಳಕ್ಕೆ ಹೋಗ್ತಿದೀವೋ, ಚಂದ್ರಲೋಕಕ್ಕೋ?" ಎಂದು ನಾನು ನಕ್ಕೆ. ಆಗ ಹೇಳಿದ ಮಾತು ಅದು. ಹೇಳುತ್ತಲೇ ನೀನೂ ನಕ್ಕು ಬಿಚ್ಚಿಬಿಟ್ಟೆ.

ಈಗ ನಾನೂ ಕಾರು ಕೊಂಡಿದ್ದೇನೆ. ಇವತ್ತು ಸೀಟ್ ಕವರ್ ಹಾಕಿಸಲು ಯಶವಂತಪುರಕ್ಕೆ ಹೋಗಿದ್ದೆ. ಹೊಲಿಯುವ ಕೃಷ್ಣಯ್ಯ, "ಬೆಲ್ಟ್ ಒಳಗೆ ಸೇರಿಸಿ ಹೊಲಿದುಬಿಡ್ತೀನಿ ಸಾರ್. ಎಲ್ರೂ ಹಂಗೇ ಮಾಡಿಸೋದು, ನೀಟಾಗಿರುತ್ತೆ" ಎಂದ.

"ಬೇಡ, ಹೊರಗೇ ಇರಲಿ."

"ಯಾಕ್ ಸಾರ್, ರೇಸಿಗೆ ಹೋಗ್ತೀರಾ?"

ನಿನ್ನ ಹೆಸರು ಬಾಯಿಗೆ ಬಂದಿತ್ತು. "ಕಂಪನಿಯವರು ಕೊಟ್ಟಿದಾರಲ್ಲ, ಇರಲಿ ಬಿಡಯ್ಯ" ಎಂದೆ.

ಬರುವಾಗ ಕಟ್ಟಿಕೊಂಡೇ ಓಡಿಸಿದೆ. ಆರ್.ಟಿ. ನಗರದಲ್ಲಿ ನಮ್ಮ ಬೀದಿಗೆ ತಿರುಗುವಾಗ ಪಕ್ಕದ ಮನೆಯ ಶೇಷಗಿರಿಯವರು ಗೇಟಿನಲ್ಲಿ ನಿಂತಿದ್ದು ಕಂಡಿತು. ಕೈ ತಾನಾಗಿಯೇ ಹೋಗಿ ಬೆಲ್ಟ್ ಬಿಚ್ಚಿತು. ಅವರು ಒಳ್ಳೆಯವರು, ಏನೂ ಅನ್ನುತ್ತಿರಲಿಲ್ಲ.

ಕೆಂಪಾಪುರದ ಹತ್ತಿರ ನಿಂತಿದ್ದ ಲಾರಿಗೆ ಗುದ್ದಿ ನೀನು ಹೋದ ದಿನ ಕಾರಿನಲ್ಲಿ ನೀನೊಬ್ಬನೇ ಇದ್ದೆ. ಸುದ್ದಿ ತಂದವರು ಲಾರಿಯವನನ್ನು ಬೈದರು, ರಸ್ತೆಯನ್ನು ಬೈದರು. ಬೆಲ್ಟಿನ ವಿಷಯ ಯಾರೂ ಎತ್ತಲಿಲ್ಲ. ಎರಡು ವರ್ಷವಾಯಿತು, ನಿನ್ನ ಹೆಂಡತಿ ತುಂಗಾಳನ್ನು ಕೇಳುವ ಧೈರ್ಯ ನನಗಿನ್ನೂ ಬಂದಿಲ್ಲ. ನಾನು ಪಕ್ಕದಲ್ಲಿ ಇಲ್ಲದಾಗಲಾದರೂ ನೀನು ಅದನ್ನು ಕಟ್ಟಿಕೊಳ್ಳುತ್ತಿದ್ದೆಯಾ?