ಶಿವಾನಿಯ ನಾಲ್ಕು ಚಮಚ

12-2-1998, ಬೆಳಿಗ್ಗೆ

ಎಂಟಕ್ಕೆ ಔಷಧ ಹಾಕಿದೆ. ಮೂರು ಚಮಚ. ಬಾಟ್ಲಿ ರಾತ್ರಿಯೆಲ್ಲ ಗೋಡೆಯ ಮಾಡದಲ್ಲಿ ಅಲುಗದೆ ನಿಂತಿತ್ತು. ಮೇಲೆ ತಿಳಿ, ಕೆಳಗೆ ಬಿಳಿ ಗಸಿ. ಉಸಿರು ಹಿಡಿದು ಬಾಗಿಸಿ ತಿಳಿಯನ್ನಷ್ಟೇ ತೆಗೆಯಬೇಕು. ನಮ್ಮ ಗಾಣದಲ್ಲಿ ಕುಸುಬಿ ಎಣ್ಣೆಯನ್ನೂ ಹೀಗೆಯೇ ಡಬ್ಬಿಯಿಂದ ಡಬ್ಬಿಗೆ ಇಳಿಸುತ್ತೇವೆ. ಗಿರಾಕಿಗೇ ಗಸಿ ಕೊಡುವವರಲ್ಲ, ಹೆತ್ತ ಮಗಳಿಗೆ ಕೊಡುತ್ತೇನೆಯೇ. ಬಾಟ್ಲಿಯ ತಳದ್ದು ಬಚ್ಚಲಿಗೆ.

ಶೈಲಜಾಳಿಗೆ ಬಾಟ್ಲಿ ಕೊಡುವುದಿಲ್ಲ. ಹೆಂಡತಿ ಒಳ್ಳೆಯವಳು. ಕೈ ಅವಸರದ್ದು.

ಶಿವಾನಿ ಕುಡಿದು ಮುಖ ಸೊಟ್ಟ ಮಾಡಿ ಶಾಲೆಗೆ ಹೋದಳು. ಆರು ವರ್ಷ ಅವಳಿಗೆ. ಫಿಟ್ಸ್ ಶುರುವಾಗಿ ಎರಡು ವರ್ಷ. ಮೊನ್ನೆ ಪ್ರಾರ್ಥನೆಗೆ ನಿಂತಲ್ಲೇ ಬಿದ್ದಳಂತೆ. ತುಟಿ ಒಡೆದಿದೆ. ಒಂದು ಹೊತ್ತೂ ಬಿಡದೆ ಹಾಕುತ್ತೇನೆ, ಆದರೂ ಯಾಕೆ… ಗಾಣದ ಸದ್ದಿನಲ್ಲಿ ಯಾರಾದರೂ ಕರೆದರೆ ಕೇಳುವುದಿಲ್ಲ. ನಡುನಡುವೆ ಮೋಟಾರು ಬಂದ್ ಮಾಡಿ ಕಿವಿಗೊಡುತ್ತೇನೆ. ಗಿರಾಕಿಗಳು ನಗುತ್ತಾರೆ. ನಗಲಿ.

13-2-1998

ದಿಗಂಬರ ಡಾಕ್ಟರರಿಗೆ ತೋರಿಸಿದೆ. ಧಾರವಾಡದ ದೊಡ್ಡ ದವಾಖಾನೆಯವರು ಬರೆದುಕೊಟ್ಟ ಔಷಧ, ಮುನವಳ್ಳಿಯಲ್ಲಿ ಇವರೇ ನೋಡಿಕೊಳ್ಳುತ್ತಾರೆ. ತುಟಿ ನೋಡಿದರು. ಲೊಚ್ಚೆಂದರು.

"ಮೂರಕ್ಕ ಬಗ್ಗವಲ್ದು ನಿಜಗುಣಪ್ಪಾ. ನಾಲ್ಕು ಮಾಡೋಣ. ಮುಂಜಾನೆ ನಾಲ್ಕು, ಸಂಜೀಗೆ ನಾಲ್ಕು. ಬಿಡದ ಹಾಕ್ತೀಯಿಲ್ಲೋ?"

"ಆಣಿ ಮಾಡಿ ಹೇಳತೇನ್ರಿ ಸಾಹೇಬ್ರ, ನನ್ನ ಕೈಲೆನ ಹಾಕತೇನಿ."

"ಇಷ್ಟ ಸಣ್ಣ ಕೂಸಿಗೆ ಇದು ಭಾಳ ಆತು. ಇದಕ್ಕೂ ಬಗ್ಗಲಿಲ್ಲಂದ್ರ ಹುಬ್ಬಳ್ಳಿಗೆ ಬರದ ಕೊಡ್ತೇನಿ."

ಹೊರಗೆ ಜನ ತುಂಬಿತ್ತು. ಮುಂದಿನವರನ್ನು ಕರೆದರು. ಒಂದು ಮಾತು ಕೇಳುವುದಿತ್ತು — ಭಾಳ ಆತು ಅಂದರೆ ಏನಾಗುತ್ತದೆ? ಕೇಳಲಿಲ್ಲ. ಅವರ ಎದುರು ನಿಂತರೆ ನನ್ನ ನಾಲಿಗೆ ಐದನೇ ಇಯತ್ತೆಯ ಹುಡುಗನದ್ದಾಗುತ್ತದೆ. ಕಲಿತದ್ದೂ ಅಷ್ಟೇ.

3-3-1998

ನಾಲ್ಕು ಚಮಚಕ್ಕೂ ಬಂತು. ಸಣ್ಣದು. ಊಟಕ್ಕೆ ಕುಳಿತಾಗ ಕೈ ಜಗ್ಗಿ ರೊಟ್ಟಿ ಬಿತ್ತು. ಡಾಕ್ಟರರಿಗೆ ಹೇಳಬೇಕು… ಹುಬ್ಬಳ್ಳಿ ಎನ್ನುತ್ತಾರೆ. ಇನ್ನೊಂದು ಸಲ ಬಂದರೆ ಹೇಳುತ್ತೇನೆ.

18-4-1998

ತಂಗಿ ಕೃಷ್ಣವ್ವ ಸಾಲಹಳ್ಳಿಯಿಂದ ಬಂದಿದ್ದಾಳೆ. ಶಾಲೆಗೆ ಸೂಟಿ. ಶಿವಾನಿಯನ್ನು ಕರೆದೊಯ್ಯುತ್ತೇನೆಂದು ಹಟ ಹಿಡಿದಿದ್ದಾಳೆ.

"ಕೂಸಿನ ಮ್ಯಾಲೆ ಕೋಳಿ ಕಾವಿಗೆ ಕುಂತಂಗ ಕುಂತೀಯಲ್ಲೋ ಅಣ್ಣಾ! ಒಂದೀಟು ಗಾಳಿ ಆಡ್ಲಿ ಅದಕ್ಕ. ನಮ್ಮಲ್ಲೆ ಮಾವಿನ ಗಿಡಾ ಐತಿ, ಕರಾ ಐತಿ."

"ಬಾಂವೀನೂ ಐತಿ."

"ಬಾಂವೀನ ಹೊತ್ತೊಯ್ದು ರಾಮದುರ್ಗದಾಗ ಇಟ್ಟ ಬರತೇನಿ. ಆತಿಲ್ಲ?"

ಶೈಲಜಾ ನಕ್ಕಳು. ಅವಳು ನಕ್ಕು ಎಷ್ಟು ದಿನವಾಗಿತ್ತು. ಬೇಡವೆನ್ನಲು ಬಾಯಿ ಬರಲಿಲ್ಲ. ಶಿವಾನಿ ಆಗಲೇ ಲಂಗ ಮಡಚಿ ಚೀಲಕ್ಕೆ ತುರುಕುತ್ತಿದ್ದಳು.

ಮನೆಯ ಬಾಟ್ಲಿ ತಳ ಕಂಡಿದೆ. ಡಾಕ್ಟರರ ಚೀಟಿ ಕೊಟ್ಟೆ — ರಾಮದುರ್ಗದಲ್ಲಿ ಹೊಸದು ತಗೋ, ನಾಲ್ಕು ಚಮಚ, ಎರಡು ಹೊತ್ತು, ತಪ್ಪಿಸಬೇಡ. ಬಸ್ಸು ಬಂತು. ಕಿಟಕಿಗೆ ಕೈ ಹಾಕಿ ಮತ್ತೆ ಹೇಳಿದೆ, ನಾಲ್ಕು. ಶಿವಾನಿ ಒಳಗಿನಿಂದ ನಾಲ್ಕು ಬೆರಳು ತೋರಿಸಿದಳು.

ಮನೆ ಬಿಕೋ ಅನ್ನುತ್ತಿದೆ. ಮಾಡದಲ್ಲಿ ಬಾಟ್ಲಿಯ ಗುರುತು ಮಾತ್ರ, ಒಂದು ದುಂಡು ಕಲೆ.

26-4-1998, ಮಧ್ಯಾಹ್ನ

ಗೊಬ್ಬರದಂಗಡಿಗೆ ಫೋನು ಬಂದಿತ್ತು. ಓಡಿದೆ. ಕೃಷ್ಣವ್ವ ಸಾಲಹಳ್ಳಿಯ ಅಂಗಡಿಯಿಂದ ಮಾಡಿದ್ದಳು. ಕೂಸು ನೆಟ್ಟಗೆ ನಿಲ್ಲುವುದಿಲ್ಲವಂತೆ. ಕಕ್ಕುತ್ತಾಳಂತೆ. ಫಿಟ್ಸ್ ಏನೂ ಬಂದಿಲ್ಲ, ಆದರೆ… ಲೈನ್ ಕಟ್ಟಾಯಿತು.

ಯರಗಟ್ಟಿಗೆ ಹೋಗುವ ಬಸ್ಸು ಇನ್ನೂ ಇಲ್ಲ. ಸ್ಟ್ಯಾಂಡಿನ ಕಟ್ಟೆಯ ಮೇಲೆ ಕುಳಿತು ಬರೆಯುತ್ತಿದ್ದೇನೆ. ಕಳಿಸಬಾರದಿತ್ತು. ಕಳಿಸಬಾರದಿತ್ತು.

27-4-1998

ಕರೆದುಕೊಂಡು ಬಂದೆ.

ನಿನ್ನೆ ಅಂಗಳಕ್ಕೆ ಕಾಲಿಟ್ಟಾಗ ಶಿವಾನಿ ನನ್ನತ್ತ ಓಡಿ ಬರಲು ನೋಡಿದಳು. ಕುಡಿದವರ ಹಾಗೆ ಜೋಲಿ ಹೊಡೆದು ಗೋಡೆಗೆ ಬಡಿದಳು. ಎತ್ತಿಕೊಂಡರೆ ಕಣ್ಣಿನ ಗುಡ್ಡೆಗಳು ನಿಲ್ಲುತ್ತಿರಲಿಲ್ಲ. ಅತ್ತ ಇತ್ತ, ಅತ್ತ ಇತ್ತ. "ಅಪ್ಪಾ" ಅಂದಳು. ಮಾತು ಬಾಯಲ್ಲೇ ಜಿಗಿಯಾಗಿತ್ತು.

"ಏನ ಹಾಕೀದಿ ಇದಕ್ಕ?"

"ನಿನ್ನ ಔಷಧಾನ ಅಣ್ಣಾ. ನಾಲ್ಕ ಚಮಚಾ. ಔಷಧದಂಗಡಿಯಾಂವ ಜೋರಲೆ ಅಲಗಾಡಿಸಿ ಹಾಕವ್ವಾ ಅಂದ, ಹಂಗ ಹಾಕೇನಿ."

ಅಲುಗಾಡಿಸಿದ್ದಾಳೆ. ಗಸಿಯೆಲ್ಲ ಕಲಕಿ ಕುಡಿಸಿದ್ದಾಳೆ! ಗಾಣದ ಮನೆಯಲ್ಲಿ ಹುಟ್ಟಿದವಳು.

"ವಿಷಾ ಕುಡಿಸೀದಿ. ನೀ ಹೆತ್ತಾಕಿ ಆಗಿದ್ದರ ಗೊತ್ತಾಗತಿತ್ತು."

ಅಂದುಬಿಟ್ಟೆ. ಮದುವೆಯಾಗಿ ಇಷ್ಟು ವರ್ಷಕ್ಕೂ ಅವಳಿಗೆ ಮಕ್ಕಳಿಲ್ಲ. ಅವಳು ಒಳಗೆ ಹೋಗಿ ಶಿವಾನಿಯ ಚೀಲ ತಂದು ಕಟ್ಟೆಯ ಮೇಲಿಟ್ಟಳು. ಮಾವಿನಕಾಯಿ ತುಂಬಿದ್ದಳು. ತೆಗೆದು ಅಲ್ಲೇ ಇಟ್ಟು ಬಂದೆ.

ದಿಗಂಬರ ಡಾಕ್ಟರರ ಬಾಗಿಲಿಗೆ ಕೀಲಿ. ಪುಣೆಗೆ, ಮಗಳ ಮನೆಗೆ ಹೋಗಿದ್ದಾರೆ. ಔಷಧ ನಿಲ್ಲಿಸಿದ್ದೇನೆ. ಸರಿಯೋ ತಪ್ಪೋ…

4-5-1998

ನೆಟ್ಟಗೆ ನಡೆಯುತ್ತಿದ್ದಾಳೆ. ಕಣ್ಣಿನ ಕುಣಿತ ನಿಂತಿದೆ. ನಾನು ಅಂದುಕೊಂಡದ್ದೇ ಖರೆ. ಹೊಟ್ಟೆಯೊಳಗಿನ ಗಸಿ ಇಳಿಯಿತು, ಕೂಸು ನೆಟ್ಟಗಾಯಿತು.

ಮೊನ್ನೆಯಿಂದ ಮತ್ತೆ ಶುರು ಮಾಡಿದೆ, ತಿಳಿ ಮಾತ್ರ. ಈಗ ಇನ್ನೂ ಜಾಸ್ತಿ ಹೊತ್ತು ನಿಲ್ಲಿಸುತ್ತೇನೆ. ಎರಡು ಬಾಟ್ಲಿ ತಂದಿದ್ದೇನೆ — ಒಂದರಲ್ಲಿ ತೆಗೆಯುವಾಗ ಇನ್ನೊಂದು ನಿಂತಿರುತ್ತದೆ.

ಶೈಲಜಾ ಅಂದಳು, "ಒಂದು ಫೋನರ ಮಾಡ್ರಿ. ಕೂಸು ಹೆಂಗೈತೋ ಅಂತ ಆಕಿ ಅಲ್ಲೆ ಅಳಕೋತ ಕುಂತಿರಬೇಕು."

ಮಾಡಲಿಲ್ಲ.

19-6-1998

ಶಾಲೆ ಬಿಟ್ಟು ಗಾಣಕ್ಕೆ ಬಂದಿದ್ದಳು. ಹಿಂಡಿಯ ಚೀಲದ ಮೇಲೆ ಕುಳಿತು ಮಗ್ಗಿ ಹೇಳುತ್ತಿದ್ದಳು. ಏಳಾರಲೆ… ಅಂದವಳು ನಿಂತಳು. ನೋಡುವಷ್ಟರಲ್ಲಿ ನೆಲದ ಮೇಲೆ. ಮೋಟಾರು ಬಂದ್ ಮಾಡಿದೆ. ಮಗ್ಗುಲಿಗೆ ಹೊರಳಿಸಿದೆ. ನಿಲ್ಲುತ್ತದೆ, ಈಗ ನಿಲ್ಲುತ್ತದೆ ಅಂತ ಕಾಯ್ದೆ. ನಿಲ್ಲಲಿಲ್ಲ. ತುಟಿ ನೀಲಿ. ಯಾರದೋ ಟೆಂಪೋ. ದಿಗಂಬರ ಡಾಕ್ಟರರು ಇದ್ದರು, ಪುಣ್ಯ. ಇಂಜೆಕ್ಷನ್ ಕೊಟ್ಟ ಮೇಲೂ ಒಂದಿಷ್ಟು ಹೊತ್ತು… ಆಮೇಲೆ ಕೈ ಸಡಿಲಾಯಿತು.

ಅವರ ದವಾಖಾನೆಯಲ್ಲೇ ಮಲಗಿಸಿದ್ದಾರೆ. ಶೈಲಜಾ ಪಕ್ಕದಲ್ಲಿದ್ದಾಳೆ. ಉಸಿರು ಎಣಿಸುತ್ತಿದ್ದೇನೆ.

20-6-1998

ಬರೆಯಲು ಕೈ ಬರುತ್ತಿಲ್ಲ. ಬರೆಯುತ್ತೇನೆ.

ಬೆಳಿಗ್ಗೆ ಡಾಕ್ಟರರು ಹುಬ್ಬಳ್ಳಿಗೆ ಚೀಟಿ ಬರೆಯಲು ಕುಳಿತರು. ನಾನು ಸಿಟ್ಟಿನಲ್ಲಿ ಸಾಲಹಳ್ಳಿಯ ಕಥೆ ಹೇಳಿದೆ. ತಂಗಿ ಗಸಿ ಕುಡಿಸಿದ್ದು, ಕೂಸು ತೂರಾಡಿದ್ದು, ಕಣ್ಣು ಕುಣಿದದ್ದು. ಅವರ ಪೆನ್ನು ನಿಂತಿತು.

"ಏನಂದಿ? ಅಲ್ಲಿದ್ದಾಗ ಫಿಟ್ಸ್ ಬಂದಿತ್ತೇನು?"

"ಇಲ್ರಿ."

"ಮನಿಗೆ ಹೋಗಿ ಬಾಟ್ಲಿ ತಾ. ದಿನಾ ಹೆಂಗ ಹಾಕ್ತಿ, ಹಂಗ ನನ್ನ ಎದುರಿಗೆ ಹಾಕು."

ತಂದೆ. ಎದೆಗೆ ಅವಚಿಕೊಂಡು, ಅಲುಗದ ಹಾಗೆ. ಮೇಜಿನ ಮೇಲಿಟ್ಟು ಗಸಿ ಇಳಿಯುವಷ್ಟು ಹೊತ್ತು ಬಿಟ್ಟೆ. ಬಾಗಿಸಿದೆ. ನಾಲ್ಕು ಚಮಚ, ಒಂದು ಹನಿ ಚೆಲ್ಲಲಿಲ್ಲ. ನನಗೆ ಒಳಗೊಳಗೇ ಹೆಮ್ಮೆ ಕೂಡ ಆಯಿತು. ಅದನ್ನೂ ಬರೆದಿಡುತ್ತೇನೆ.

ಡಾಕ್ಟರರು ಉದ್ದ ಚಮಚ ಹಾಕಿ ತಳದ್ದನ್ನು ತೆಗೆದರು. ಸುಣ್ಣದ ಹಾಗೆ ಗಟ್ಟಿ.

"ನಿಜಗುಣಪ್ಪಾ, ಔಷಧ ಇದು. ನೀ ಕುಡಿಸಿದ್ದು ಹೆಚ್ಚುಕಡಿಮಿ ಸಕ್ಕರಿ ನೀರು."

ಗೋಡೆಯ ಕ್ಯಾಲೆಂಡರು ನೋಡುತ್ತ ನಿಂತೆ. ಅವರೂ ಕನ್ನಡಕ ತೆಗೆದು ಒರೆಸುತ್ತ ಕುಳಿತರು.

"ಫಿಟ್ಸ್ ಬಗ್ಗಲಿಲ್ಲ, ನಾ ಚಮಚಾ ಏರಿಸ್ಕೋತ ಹೋದೆ. ಹೆಂಗ ಹಾಕ್ತಿ ಅಂತ ಒಂದ ದಿನಾ ಕೇಳಲಿಲ್ಲ ನೋಡು."

"ಮತ್ತ… ಕೃಷ್ಣವ್ವ?"

"ನಿನ್ನ ತಂಗಿ ಸರಿಯಾಗೇ ಹಾಕ್ಯಾಳ. ಅಲ್ಲಿ ಕೂಸಿಗೆ ಖರೇ ನಾಲ್ಕು ಚಮಚಾ ಬಿತ್ತು. ಅಷ್ಟು ಈ ಮೈ ತಡಿಯೂದಿಲ್ಲ. ತಪ್ಪಿದ್ದು ನನ್ನ ಲೆಕ್ಕ."

ಇನ್ನು ಮೇಲೆ ಒಂದೂವರೆ ಚಮಚ. ಚೆನ್ನಾಗಿ ಅಲುಗಾಡಿಸಿ, ಕೂಡಲೇ. ಮತ್ತೆ ತೂರಾಡಿದರೆ, ಕಣ್ಣು ಕುಣಿದರೆ, ಫಿಟ್ಸ್ ಬಂದರೆ — ಓಡಿ ಬಾ ಅಂದರು.

ಅಂದರೆ ಹೆಚ್ಚಾದರೂ ಓಡಬೇಕು. ಕಡಿಮೆಯಾದರೂ ಓಡಬೇಕು.

29-6-1998

ಫಿಟ್ಸ್ ಇಲ್ಲ. ತೂರಾಟ ಇಲ್ಲ. ನನಗೆ ಮಾತ್ರ ಊಟ ಸೇರುತ್ತಿಲ್ಲ.

ಅಲುಗಾಡಿಸಿದರೆ ನೊರೆ. ಚಮಚದಲ್ಲಿ ಔಷಧ ಎಷ್ಟು, ನೊರೆ ಎಷ್ಟು? ನೊರೆ ಇಳಿಯಲಿ ಅಂತ ನಿಂತರೆ ಔಷಧವೂ ಕೆಳಗಿಳಿಯುತ್ತದೆ. ಮತ್ತೆ ಅಲುಗಾಡಿಸುತ್ತೇನೆ. ಮತ್ತೆ ನೊರೆ.

"ಎಂಟಕ್ಕ ಹಾಕೂ ಔಷಧಕ್ಕ ನೀವು ಏಳಕ್ಕನ ಕುಸ್ತಿ ಶುರು ಮಾಡ್ತೀರಿ. ನನ್ನ ಕೈಯಾಗರ ಕೊಡ್ರಿ" ಅಂದಳು ಶೈಲಜಾ. ಕೊಡಲಿಲ್ಲ. ಕೊಡುವುದಕ್ಕೂ ಹೆದರಿಕೆ, ಇಟ್ಟುಕೊಳ್ಳುವುದಕ್ಕೂ ಹೆದರಿಕೆ.

ಸಂಜೆ ಶಿವಾನಿಯನ್ನು ಪಡಸಾಲೆಯ ಕಲ್ಲಿನ ಗೆರೆಯ ಮೇಲೆ ನಡೆಸಿ ನೋಡಿದೆ. ಬೆರಳು ಆಡಿಸಿ ಕಣ್ಣು ನೋಡಿದೆ. ಮತ್ತೊಮ್ಮೆ ನಡಿ ಅಂದೆ.

"ನೀನ ನಡಿಯಪ್ಪಾ. ನೀನ ಸೊಟ್ಟ ನಡೀತಿ" ಅಂದಳು.

ಸಾಲಹಳ್ಳಿಗೆ ಫೋನು ಮಾಡಿದೆ. ಅಂಗಡಿಯವನು ಹುಡುಗನನ್ನು ಕಳಿಸಿದ. ಕಾಯ್ದೆ. ಅತ್ತ ಕಡೆ ಯಾರೂ ಬರಲಿಲ್ಲ.

26-7-1998

ಪಂಚಮಿಗೆ ಕರೆಯಲು ಹೋಗಿದ್ದೆ. ತಂಗಿಯನ್ನು ಅಣ್ಣ ಹೋಗಿ ಕರೆಯಬೇಕು, ಪ್ರತಿ ವರ್ಷ ಹೋಗುತ್ತೇನೆ. ಈ ವರ್ಷ ಅಂಗಳದಲ್ಲಿ ನಿಂತು ಚಪ್ಪಲಿ ಬಿಡಲೋ ಬೇಡವೋ ತಿಳಿಯಲಿಲ್ಲ.

ಕೃಷ್ಣವ್ವ ಜೋಳ ಹಸನು ಮಾಡುತ್ತಿದ್ದಳು. ಕೈಯಲ್ಲಿದ್ದ ಮೊರ ಕೆಳಗಿಡಲಿಲ್ಲ.

"ಕೂಸು?"

"ಅರಾಮದಾಳ. ತಂಗೀ… ನೀ ಹಾಕಿದ್ದ ಸರಿ ಇತ್ತಂತ. ಡಾಕ್ಟರ್ ಅಂದ್ರು."

"ಡಾಕ್ಟರ್ ಅಂದ್ರು. ನೀ ಏನಂತಿ?"

ನೀರು ಕೇಳಿದೆ. ಕೊಟ್ಟಳು. ತಂಬಿಗೆ ಖಾಲಿ ಮಾಡಿ ಹೇಳಿದೆ — ತಿಳಿ ಹಾಕಿ ಹಾಕಿ ನಾನೇ ಕೂಸನ್ನು ಕೆಡವಿದೆ, ನಿನ್ನ ಮೇಲೆ ಹಾಕಿದೆ. ಬಾಯಿಂದ ಬಂದದ್ದು ಅಷ್ಟೇ. ಆ ಇನ್ನೊಂದು ಮಾತಿನ ಬಗ್ಗೆ ಏನೂ ಹೇಳಲಾಗಲಿಲ್ಲ.

ಅವಳು ಬಹಳ ಹೊತ್ತು ಜೋಳ ಕೇರಿದಳು.

"ಬರತೇನಿ. ನಿನ್ನ ಸಲುವಾಗಿ ಅಲ್ಲ, ಕೂಸಿನ ಸಲುವಾಗಿ. ಆದ್ರ ಆ ಬಾಟ್ಲಿ ಮುಟ್ಟಂಗಿಲ್ಲ. ಅದನ್ನ ಇಲ್ಲೇ ಹೇಳಿರತೇನಿ."

ಶಿವಾನಿ ಮುನವಳ್ಳಿಯ ಸ್ಟ್ಯಾಂಡಿನಲ್ಲೇ ಅವಳ ಕುತ್ತಿಗೆಗೆ ಜೋತುಬಿದ್ದಳು.

28-7-1998, ಪಂಚಮಿ, ಬೆಳಿಗ್ಗೆ

ಮನೆ ತುಂಬ ಉಂಡಿಯ ವಾಸನೆ. ಬೇವಿನ ಗಿಡಕ್ಕೆ ಜೋಕಾಲಿ ಕಟ್ಟಿದ್ದೇವೆ, ತೀರ ತಗ್ಗಾಗಿ. ದೊಡ್ಡವರು ಹಿಡಿದುಕೊಂಡರೆ ಆಡಲಿ ಅಂದಿದ್ದಾರೆ ಡಾಕ್ಟರರು.

ಎಂಟಕ್ಕೆ ಬಾಟ್ಲಿ ತೆಗೆದೆ. ಅಲುಗಾಡಿಸಿದೆ. ಕೃಷ್ಣವ್ವ ಅಡಿಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅವಳು ನೋಡುತ್ತಾಳೆಂದೇ ಇರಬೇಕು, ಅವಸರ ಮಾಡಿದೆ. ಒಂದು ಚಮಚ ಕುಡಿಸುವಾಗ ಗದ್ದಕ್ಕೆ, ಲಂಗಕ್ಕೆ ಚೆಲ್ಲಿತು, ಇನ್ನೂ ಅರ್ಧ ಬಾಕಿ. ಎಷ್ಟು ಒಳಗೆ ಹೋಯಿತು? ಮತ್ತೆ ಹಾಕಲೇ? ಹಾಕಿದರೆ ಹೆಚ್ಚಾದರೆ? ಬಿಟ್ಟರೆ? ಚಮಚ ಹಿಡಿದು ನಿಂತೇ ಇದ್ದೆ. ಶಿವಾನಿ ಬಾಯಿ ತೆರೆದು ಕಾಯುತ್ತಿದ್ದಳು, ಹಕ್ಕಿಮರಿಯ ಹಾಗೆ.

"ತಂಗೀ. ನೀ ಹಾಕು."

"ಒಲ್ಲೆ."

"ನನ್ನ ಕೈಲೆ ಆಗವಲ್ದು."

"ಮತ್ತ ಏನರ ಆದ್ರ?"

"ಆದ್ರ ನಾ ಹಾಕಿದ್ದು."

ಅವಳು ನನ್ನ ಮುಖ ನೋಡಿದಳು. ಆ ದಿನದ ನಂತರ ಮೊದಲ ಸಲ. ಸೆರಗಿಗೆ ಕೈ ಒರೆಸಿಕೊಂಡು ಬಂದಳು. ಕೂಸಿನ ಗದ್ದ ಒರೆಸಿದಳು. "ಚೆಲ್ಲಿದ್ದು ಹನಿ ಅಷ್ಟ. ದಗದಾ ಇಲ್ಲದಾವರಂಗ ಅಂಜತಿ." ಬಾಟ್ಲಿ ಜೋರಾಗಿ ಅಲುಗಾಡಿಸಿ ಉಳಿದ ಅರ್ಧ ಚಮಚ ಹಾಕಿದಳು. ನೊರೆಯತ್ತ ನೋಡಲೂ ಇಲ್ಲ. ಕುಡಿಸಿದಳು. ಆಯಿತು.

ನನಗೆ ಕುಸ್ತಿಯಾಗಿದ್ದದ್ದು ಅವಳಿಗೆ ಉಂಡಿ ಕಟ್ಟಿದಷ್ಟೇ.

ಇಬ್ಬರೂ ಹಿತ್ತಲಿಗೆ ಹೋದರು. ನೀ ಬರಬ್ಯಾಡ, ಕೂಸು ನಿನ್ನ ಮಾರಿ ನೋಡೇ ಬೀಳತೈತಿ ಅಂದಳು. ಒಳಗೆ ಕುಳಿತಿದ್ದೇನೆ. ಹಗ್ಗದ ಸದ್ದು ಕೇಳುತ್ತಿದೆ. ಕಿರ್… ಕಿರ್… ಶಿವಾನಿ ನಗುತ್ತಾಳೆ.

ನಗು ನಿಂತಿತು. ಹಗ್ಗವೂ.

ಏಳಬಾರದು. ಅಲ್ಲಿ ಕೃಷ್ಣವ್ವ ಇದ್ದಾಳೆ. ಏನಾದರೂ ಆಗಿದ್ದರೆ ಕರೆಯುತ್ತಿದ್ದಳು. ಏಳುವುದಿಲ್ಲ. ಇನ್ನೂ ಸದ್ದಿಲ್ಲ. ಅವಳು ಕರೆದರೆ ಮಾತ್ರ ಏಳುತ್ತೇನೆ.