ಹದಿನಾಲ್ಕರ ಅಂದ, ಹತ್ತೊಂಬತ್ತರ ಮೀನು

ಭಾನುವಾರ, ನವೆಂಬರ್ 3. ಬೆಳಿಗ್ಗೆ

ಅಲೆಕ್ಸಾಂಡ್ರಿಯದ ಸಮಸ್ತ ಕಂಪ್ಯೂಟರ್ ಪರದೆಗಳ ಸಾರ್ವಭೌಮಳೂ, ಮೂರನೇ ಮಹಡಿಯ ಕಿಟಕಿಮೂಲೆಯ ಒಡತಿಯೂ ಆದ ನನ್ನ ಶ್ರೀಮತ್ ದಿನಚರಿಯ ಸನ್ನಿಧಾನಕ್ಕೆ, ಅಡಿಯಾಳು ಲಮ್ಯಾಳ ಬಿನ್ನಹ.

ತಿಂಡಿಗೆ ಫೂಲ್ ಕಾಳಿನ ಗೊಜ್ಜು ತಿಂದಾಯಿತು. ಬೆರಳಿನ್ನೂ ಎಣ್ಣೆ.

ಹಜ್ ಮುಗಿಸಿದ ಹಿರಿಯಾಕೆ ಹಜ್ಜಾ ಎತಿದಾಲ್‌ಳ ಮೀನಂಗಡಿಯ ವೆಬ್‌ಸೈಟ್ ನನ್ನ ಕೈಯಲ್ಲಿ ಹೆಚ್ಚುಕಡಿಮೆ ಸಿದ್ಧ. ಗುರುವಾರ ಅವಳೇ ಓದಿ ನೋಡುತ್ತಾಳೆ. ಓದಲಾಗದಿದ್ದರೆ ಕೆಲಸ ಬೇರೆಯವರಿಗೆ. ಅವಳ ತಮ್ಮಂದಿರ ಅಂಗಡಿಗಳ ಕೆಲಸವೂ ಹಿಂದೆಯೇ ಕೈತಪ್ಪಿದಂತೆ.

ಡಿಸೈನರ್ ಹಾತೆಮ್‌ನ ಅಪ್ಪಣೆ: ಅಕ್ಷರದ ಅಳತೆ ಹದಿನಾಲ್ಕು. ಇಂಗ್ಲಿಷ್ ಅಕ್ಷರ ಸುರಿದು ನೋಡಿ ಆರಿಸಿದ್ದು. ಅದೇ ಹದಿನಾಲ್ಕಕ್ಕೆ ಅರಬ್ಬಿ ಹಾಕಿದೆ... ಅಕ್ಷರ ಕುಗ್ಗಿ ಕೂತವು, ಚುಕ್ಕಿಗೆ ಚುಕ್ಕಿ ಅಂಟಿತು. ಇರುವೆಗಳ ಶವಯಾತ್ರೆ.

“ಸ್ವಲ್ಪ ದೊಡ್ಡದು ಮಾಡೋಣ್ವಾ?”

“ಇದು ಮೀನಂಗಡಿ ಕಣೇ, ಕಣ್ಣಾಸ್ಪತ್ರೆ ಬೋರ್ಡಲ್ಲ. ಅಂದ ಅನ್ನೋದು ಒಂದಿದೆ.”

ಸೋಮವಾರ, 4

ಹಾತೆಮ್‌ಗೆ ಒಂದು ಲಿಂಕ್ ಕಳಿಸಿದೆ — ಹದಿನಾಲ್ಕು. ಹಜ್ಜಾಗೆ ಇನ್ನೊಂದು — ಹತ್ತೊಂಬತ್ತು, ಸಾಲುಗಳ ನಡುವೆ ಗಾಳಿಯಾಡಲು ಜಾಗ. ಈ ಎರಡು ಲಿಂಕಿನ ಗುಟ್ಟು ಬಲ್ಲವರು ನಮ್ಮ ಬಾಸ್ ನೆರ್ಮೀನ್ ಮೇಡಂ ಒಬ್ಬರೇ.

“ಹತ್ತೊಂಬತ್ತೇ ಯಾಕೆ?”

“ಬಳಕೆದಾರರ ಅಧ್ಯಯನ, ಮೇಡಂ.”

ಮೇಡಂ ಗಂಭೀರವಾಗಿ ತಲೆಯಾಡಿಸಿದರು. ನಾನೂ ಆಡಿಸಿದೆ.

ಗುರುವಾರ, 7. ಮಧ್ಯಾಹ್ನ

ಮೀನಂಗಡಿಯಲ್ಲಿದ್ದೇವೆ. ಹಜ್ಜಾ ಒಲೆಯ ಪಕ್ಕದ ಕುರ್ಚಿಯಲ್ಲಿ. ಅಭ್ಯಾಸದಂತೆ ಫೋನನ್ನು ತೋಳು ಚಾಚಿ ದೂರ ಹಿಡಿದಳು. ಹಾತೆಮ್ ಟೈ ಸರಿಮಾಡಿಕೊಂಡ.

“ಬೂರಿ ಮೀನು... ತವುಡು ಹಚ್ಚಿ ಸುಟ್ಟದ್ದು.” ದನಿ ಏರಿತು. “ಸೀಗಡಿ. ಅನ್ನ, ಈರುಳ್ಳಿ ಹಾಕಿ ಕೆಂಪಗೆ ಮಾಡಿದ್ದು.” ಈಗ ಬೀದಿಗೆಲ್ಲ ಕೇಳುವಂತೆ ಓದುತ್ತಿದ್ದಳು. ಎದುರಿನ ಕಾಫಿ ಅಂಗಡಿಯಲ್ಲಿ ಡಾಮಿನೊ ಆಟ ನಿಂತಿತು. ತಟ್ಟನೆ ಓದು ನಿಲ್ಲಿಸಿದಳು.

“ನಿಂಬೆಹಣ್ಣು ಪುಕ್ಕಟೆ ಅಂತ ಬರ್ದೋರು ಯಾರು?”

ಪುಟದ ತಳದ ಸಾಲು. ಅದನ್ನೂ ಓದಿಬಿಟ್ಟಿದ್ದಳು.

“ಕನ್ನಡಕ ಮನೇಲಿ ಬಿಟ್ ಬಂದಿದೀನಿ, ಆದ್ರೂ ಓದ್ದೆ. ಎಂಜಿನಿಯರ್ ಸಾಹೇಬ್ರೇ, ನಿಮ್ಮ ಕೈ ತಣ್ಣಗಿರ್ಲಿ,” ಎಂದಳು ಹಾತೆಮ್‌ನತ್ತ ತಿರುಗಿ.

“ಹದಿನಾಲ್ಕು, ಹಜ್ಜಾ,” ಎಂದ ಹಾತೆಮ್, ಎದೆಯ ಮೇಲೆ ಕೈಯಿಟ್ಟು. “ನಾನೇ ಆರಿಸಿದ್ದು.”

“ಹದಿನಾಲ್ಕೋ ನಲವತ್ತೋ, ನಂಗ್ಯಾಕಪ್ಪಾ. ಕೂತ್ಕೊ, ತಿನ್ನು. ನನ್ನ ತಮ್ಮಂದಿರಿಗೂ ಇದನ್ನೇ ಮಾಡ್ಕೊಡು.”

ನಗು ತಡೆಯಲು ಹೋಗಿ ಮೀನಿನ ಮುಳ್ಳು ನುಂಗಿದೆ. ಹಜ್ಜಾ ಬೆನ್ನಿಗೆ ಗುದ್ದಿದ ರಭಸಕ್ಕೆ ಸೀಗಡಿಯೂ ಹೊರಬಂತು.

ಅದೇ ದಿನ, ಸಂಜೆ

ಮೇಡಂ ಫೋನು. ಇನ್ನು ಮೇಲೆ ನಮ್ಮ ಎಲ್ಲ ವೆಬ್‌ಸೈಟಿಗೂ ಹತ್ತೊಂಬತ್ತೇ. ಭಾನುವಾರ ಎಲ್ಲರ ಮುಂದೆ ನನ್ನ ಅಧ್ಯಯನದ ಬಗ್ಗೆ ಮಾತಾಡಬೇಕಂತೆ. ಎಷ್ಟು ಜನರನ್ನು ಪರೀಕ್ಷಿಸಿದೆ ಎಂದು ಕೇಳಿದರು.

ಶ್ರೀಮತ್ ದಿನಚರಿಯೇ, ನಿನಗೆ ಮಾತ್ರ ಹೇಳುತ್ತೇನೆ. ಒಬ್ಬಳನ್ನು. ಕನ್ನಡಕ ಹಾಕಿದರೆ ಗೂಬೆಯಂತೆ ಕಾಣುತ್ತೇನೆಂದು ಅದನ್ನು ಡ್ರಾಯರಿನಲ್ಲಿ ಬಚ್ಚಿಟ್ಟ ನಿನ್ನ ಈ ಅಡಿಯಾಳನ್ನೇ. ಅದಿಲ್ಲದೆ ಅವಳಿಗೆ ಹದಿನೆಂಟೂ ಮಂಜು. ಹತ್ತೊಂಬತ್ತಾದರೆ ಚುಕ್ಕಿಚುಕ್ಕಿಯೂ ಕಾಣುತ್ತದೆ.